ಅಗ್ಗದ ಬಿಡಿಭಾಗವೂ ದುರಸ್ತಿಗಾರನ ಧರ್ಮವೂ

ಕಡಿಮೆ ಬೆಲೆಗೆ ಕೊಳ್ಳುವುದು ಜಾಣತನ. ಆದರೆ ಒಬ್ಬನು ಮತ್ತೊಬ್ಬನ ಹಣದಿಂದ, ಮತ್ತೊಬ್ಬನ ಉಪಯೋಗಕ್ಕಾಗಿ ಕೊಳ್ಳುವಾಗ ಆ ಜಾಣತನಕ್ಕೆ ಧರ್ಮದ ಕಟ್ಟಳೆ ಯಾವುದು? ಸಣ್ಣ ಎಂಜಿನುಗಳನ್ನು ದುರಸ್ತಿ ಮಾಡುವವನಿಗೆ ಈ ಪ್ರಶ್ನೆ ದಿನನಿತ್ಯದ್ದು. ಅಡಿಕೆ ತೋಟಗಳನ್ನು ನೆಚ್ಚಿದ ನಮ್ಮ ಕಾಸರಗೋಡು ಸೀಮೆಯಲ್ಲಿ ಇದು ಕೃಷಿಕನ ಪ್ರಶ್ನೆಯೂ ಹೌದು.

ಮುಂಗಾರು ಸಮೀಪಿಸಿದೊಡನೆ ಮದ್ದು ಬಿಡುವ ಪಂಪುಗಳೂ ಕಾಡು ಕಡಿಯುವ ಯಂತ್ರಗಳೂ ದುರಸ್ತಿಯ ಅಂಗಡಿಗಳನ್ನು ಸೇರುತ್ತವೆ. ಸವೆದ ಭಾಗವನ್ನು ಬದಲಿಸಲು ದುರಸ್ತಿಗಾರನಿಗೆ ನಾಲ್ಕು ದಾರಿಗಳುಂಟು: ಯಂತ್ರ ತಯಾರಿಸಿದ ಕಂಪೆನಿಯದೇ ಬಿಡಿಭಾಗ, ಬೇರೊಂದು ಕಂಪೆನಿ ತನ್ನ ಹೆಸರಿನಲ್ಲಿಯೇ ಮಾರುವ ಅಗ್ಗದ ಬಿಡಿಭಾಗ, ಗುಜರಿ ಯಂತ್ರದಿಂದ ಕಳಚಿದ ಹಳೆಯ ಭಾಗ, ಪ್ರಸಿದ್ಧ ಕಂಪೆನಿಯ ಹೆಸರು ಹೊತ್ತ ನಕಲಿ ಮಾಲು. ಕೊನೆಯದು ಕಳ್ಳತನವೇ. ಉಳಿದ ಮೂರರಲ್ಲಿ ಸ್ವತಃ ಯಾವ ದೋಷವೂ ಇಲ್ಲ. ಅಗ್ಗದ್ದನ್ನು ಹಾಕಿ ದುಬಾರಿಯದರ ಬೆಲೆ ಪಡೆದಾಗ, ಅಥವಾ ಹಾಕಿದ್ದೇನೆಂದು ಹೇಳದೆ ಮುಚ್ಚಿಟ್ಟಾಗ ಮಾತ್ರ ದೋಷ ಹುಟ್ಟುತ್ತದೆ.

ಮಹಾಳಿ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇಕು. ಬೆರೆಸಿದ್ದನ್ನು ಅಂದೇ ಮುಗಿಸಬೇಕು. ನಡುಹಗಲಿಗೆ ಪಂಪಿನ ಸೀಲು ಕೈಕೊಟ್ಟರೆ ದ್ರಾವಣ ಹಾಳು, ಆಳುಗಳ ಕೂಲಿ ನಷ್ಟ. ಅಷ್ಟರಲ್ಲಿ ಮಳೆ ಹಿಡಿದರೆ ಫಸಲಿಗೇ ಸಂಚಕಾರ. ಅಂಗಡಿಯಲ್ಲಿ ಉಳಿಸಿದ ನೂರಿನ್ನೂರು ರೂಪಾಯಿಗಳ ನಿಜವಾದ ಲೆಕ್ಕ ತೋಟದಲ್ಲಿ ತಿಳಿಯುತ್ತದೆ. ಹಾಗೆಂದು ಇನ್ನೊಂದೇ ಮಳೆಗಾಲ ನಡೆಯಬಲ್ಲ ಮುದಿ ಪಂಪಿಗೆ ದುಬಾರಿ ಭಾಗ ಹಾಕಿಸುವುದೂ ವಿವೇಕವಲ್ಲ. ಆಯ್ಕೆ ಯಂತ್ರದ ಒಡೆಯನದು. ಏಕೆಂದರೆ ನಷ್ಟವೂ ಅವನದೇ.

ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಕೃಷಿಕನು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾನೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಎಂಜಿನಿನೊಳಗೆ ಕೂಡಿಸಿದ ಬಿಡಿಭಾಗಕ್ಕೆ ಅಂತಹ ಪರೀಕ್ಷೆ ಅವನ ಬಳಿ ಇಲ್ಲ. ಅಲ್ಲಿ ದುರಸ್ತಿಗಾರನ ಮಾತೇ ಅವನಿಗೆ ಕತ್ತಿಯ ಅಲಗು.

ಆಯ್ಕೆಗೂ ಒಂದು ಎಲ್ಲೆಯುಂಟು. ಕಾಡು ಕಡಿಯುವ ಯಂತ್ರದ ಅಲಗು, ಅದನ್ನು ಹಿಡಿದಿಡುವ ನಟ್ಟು, ಕಾಲಿಗೆ ಮರೆಯಾಗುವ ಕವಚ, ಇವು ಮುರಿದರೆ ಗಾಯಗೊಳ್ಳುವವನು ಕೂಲಿಯಾಳು. ಅವನನ್ನು ಕೇಳದೆ ಒಡೆಯನೂ ದುರಸ್ತಿಗಾರನೂ ಮಾಡಿಕೊಂಡ ಉಳಿತಾಯಕ್ಕೆ ಧರ್ಮದ ಒಪ್ಪಿಗೆಯಿಲ್ಲ.

ಹೊಣೆ ದುರಸ್ತಿಗಾರನೊಬ್ಬನದೇ ಅಲ್ಲ. ಮಜೂರಿಯಲ್ಲಿ ಕಟ್ಟುನಿಟ್ಟಾಗಿ ಚೌಕಾಸಿ ಮಾಡುವ ನಾವು, ಅವನು ಆ ಕೊರತೆಯನ್ನು ಬಿಡಿಭಾಗದಲ್ಲಿ ತುಂಬಿಕೊಳ್ಳುವಂತೆ ದೂಡುತ್ತೇವೆ. ಕಾರ್ಬ್ಯುರೇಟರಿನ ತೆಳುಪೊರೆಯೊಂದು ಹರಿದಾಗ ಅದನ್ನು ಬಿಡಿಯಾಗಿ ಮಾರದೆ ಇಡೀ ಕಾರ್ಬ್ಯುರೇಟರನ್ನೇ ಕೊಳ್ಳಿಸುವ ತಯಾರಕರೂ ಪಾಲುದಾರರೇ. 2022ರಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿದಾಗ ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು ಯೋಗ್ಯವೇ.

ಕಾನೂನು ಬರುವವರೆಗೂ ಕಾಯಬೇಕಾಗಿಲ್ಲ. ಹಾಕಿದ ಭಾಗ ಯಾವ ಬಗೆಯದೆಂದು ಬಿಲ್ಲಿನಲ್ಲಿ ಬರೆಯುವುದು, ಕಳಚಿದ ಹಳೆಯ ಭಾಗವನ್ನು ಒಡೆಯನ ಕೈಗೆ ಕೊಡುವುದು, ಎಷ್ಟು ಕಾಲ ಬಾಳೀತೆಂದು ತಿಳಿದಷ್ಟನ್ನು ಹೇಳುವುದು — ಇವಕ್ಕೆ ಖರ್ಚಿಲ್ಲ. ಹಾಗೆ ನಡೆಯುವವನಿಗೆ ತಕ್ಕ ಮಜೂರಿಯನ್ನು ಗೊಣಗದೆ ಕೊಡುವುದು ನಮ್ಮ ಪಾಲಿನ ಧರ್ಮ.