ಕೇಳುವವನ ಭಾಷಾಸಮಿತಿ

ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ನುಡಿಯುವುದೇ ಭಾಷಾಸಮಿತಿಯೆಂದು ಜೈನಾಚಾರ್ಯರು ವಿವರಿಸಿದ್ದಾರೆ. ಈ ನಿಯಮ ನುಡಿಯುವವನಿಗೆ ಸಂಬಂಧಿಸಿದ್ದೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ನುಡಿಯಲು ತೊಡಗಿದವನ ಮಾತು ನಡುವೆಯೇ ತಡೆದು ನಿಂತಾಗ, ಕೇಳುವವನಿಗೂ ಒಂದು ಸಮಿತಿ ಉಂಟೇ?

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟ ಬಸ್ಸಿನಲ್ಲಿ ಉಗ್ಗುವ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಇಳಿಯಬೇಕಾದುದು ನವನಗರದಲ್ಲಿ. “ನ... ನ...” ಎನ್ನುವಷ್ಟರಲ್ಲಿ ಕಂಡಕ್ಟರನು “ಲಗೂ ಹೇಳಪಾ” ಎನ್ನುತ್ತಾನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕನಿಕರದಿಂದ “ನವಲೂರ ಅಂತ, ಕೊಡ್ರಿ” ಎಂದು ಮಾತು ಮುಗಿಸುತ್ತಾರೆ. ಹುಡುಗ ತಲೆಯಾಡಿಸುತ್ತಾನೆ, ಮುಂದಿನ ಊರಿನ ಹಣ ತೆತ್ತು ನವನಗರದಲ್ಲಿ ಇಳಿದು ಹೋಗುತ್ತಾನೆ. ಇಲ್ಲಿ ಯಾರೂ ಕೇಡನ್ನು ಬಯಸಲಿಲ್ಲ. ಆದರೂ ಸತ್ಯವನ್ನು ಹೇಳಹೊರಟವನು ಅಸತ್ಯಕ್ಕೆ ತಲೆಯಾಡಿಸಬೇಕಾಯಿತು. ಉಗ್ಗುವವರಲ್ಲಿ ಅನೇಕರು ಕಷ್ಟದ ಅಕ್ಷರವನ್ನು ತಪ್ಪಿಸಲು ಬೇರೆ ಪದವನ್ನು ಹುಡುಕುತ್ತಾರೆ. ಉತ್ತರ ತಿಳಿದಿದ್ದರೂ ತರಗತಿಯಲ್ಲಿ ಸುಮ್ಮನಿರುತ್ತಾರೆ. ಈ ಮೌನ ವಚನಗುಪ್ತಿಯಲ್ಲ. ಗುಪ್ತಿಯು ತಾನಾಗಿ ಕೈಕೊಂಡದ್ದು. ಇದು ಭಯದಿಂದ ಬಂದದ್ದು.

ಉಗ್ಗು ಬುದ್ಧಿಯ ಕೊರತೆಯಲ್ಲ, ತಂದೆತಾಯಿಗಳ ತಪ್ಪೂ ಅಲ್ಲ. ಬಹುಮಟ್ಟಿಗೆ 2ರಿಂದ 5 ವರ್ಷದೊಳಗೆ ಅದು ತಲೆದೋರುತ್ತದೆ. ಅನುವಂಶೀಯತೆಗೂ ಮಾತನ್ನು ನಿಯಂತ್ರಿಸುವ ಮಿದುಳಿನ ಕಾರ್ಯಕ್ಕೂ ಅದರಲ್ಲಿ ಪಾತ್ರವಿದೆ. ಹೆಚ್ಚಿನ ಮಕ್ಕಳಲ್ಲಿ ಅದು ಮರೆಯಾಗುತ್ತದೆ; ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ. ಬಜೆ ತೇಯ್ದು ನಾಲಗೆಗೆ ಸವರುವ ರೂಢಿ ಮನೆಗಳಲ್ಲಿ ಹಳೆಯದು. ಆದರೆ ಉಗ್ಗಿಗೆ ಬೇಕಾದುದು ವಾಕ್‌ಚಿಕಿತ್ಸೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ನಾಡಿನಲ್ಲಿ ನೆಲೆ ಒದಗಿಸಿತು. ಧಾರವಾಡದ ಕೆಲಗೇರಿಯಲ್ಲಿಯೂ ಜೆ.ಎಸ್.ಎಸ್. ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ದನಿಯನ್ನು ಮೆಲ್ಲನೆ ಎತ್ತುವುದು, ಅಕ್ಷರಗಳನ್ನು ತುಸು ಎಳೆದು ನುಡಿಯುವುದು, ಮಾತು ತಡೆದಾಗ ಹೆಣಗಾಡದೆ ಬಿಗಿತವನ್ನು ಸಡಿಲಿಸುವುದು, ಮಾತಿನ ಭಯವನ್ನು ತಗ್ಗಿಸುವುದು ಈ ಚಿಕಿತ್ಸೆಯ ಅಂಗಗಳು. ಅದು ಉಗ್ಗನ್ನು ಪೂರ್ತಿ ಅಳಿಸುವ ಭರವಸೆಯಲ್ಲ. ಉಗ್ಗಿದರೂ ಹೇಳಬೇಕಾದುದನ್ನು ಹೇಳುವ ಧೈರ್ಯವೂ ಅದರ ಫಲವೇ.

ಆದರೆ ಚಿಕಿತ್ಸಾಲಯದಲ್ಲಿ ಕಲಿತ ನಿಧಾನವು ಹೊರಗಿನ ಅವಸರದ ಮುಂದೆ ಸೋಲಬಹುದು. ತುಂಬಿದ ಬಸ್ಸಿನಲ್ಲಿ ಕಾಯುವುದು ಹೇಗೆಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಯಬೇಕಾದುದು ಹೆಚ್ಚಾಗಿ ಕೆಲವೇ ಕ್ಷಣ. ಉಗ್ಗುವವರಲ್ಲಿ ಕೆಲವರಿಗೆ ನೆರವು ಇಷ್ಟವಾಗಬಹುದು, ಹಲವರಿಗೆ ಆಗದು; ಆದುದರಿಂದ ಅವರನ್ನೇ ಕೇಳಿ ತಿಳಿಯುವುದು ಯೋಗ್ಯ. ದಯೆಯಿದ್ದ ಮಾತ್ರಕ್ಕೆ ಪ್ರಮಾದ ತಪ್ಪುವುದಿಲ್ಲ. ಸಮಿತಿಯೆಂದರೆ ಎಚ್ಚರದ ನಡೆ. ಆ ಎಚ್ಚರ ನಾಲಗೆಗೆ ಬೇಕಾದಂತೆ ಕಿವಿಗೂ ಬೇಕು. ಆ ಹಿರಿಯರು ಮೂರು ನಾಲ್ಕು ಕ್ಷಣ ಸುಮ್ಮನಿದ್ದಿದ್ದರೆ, ಹುಡುಗನು ತಾನು ಇಳಿಯುವ ಊರಿನ ಹೆಸರನ್ನು ತಾನೇ ಹೇಳುತ್ತಿದ್ದನು.