ಬೆಂಕಿ ಬಿದ್ದಾಗ ಕೂಗಿದವಳು

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ ಬರುವ ಗಂಡಹೆಂಡಿರಲ್ಲಿ ಎಷ್ಟೋ ಮಂದಿ ಮಕ್ಕಳಿಗಾಗಿ ಹರಕೆ ಹೊತ್ತವರು. ಅಲ್ಲಿರುವುದು ಸಂತಾನ ವೇಣುಗೋಪಾಲಸ್ವಾಮಿ. ಆ ಗಂಡಹೆಂಡಿರನ್ನು ನೋಡುವಾಗ ಹಿಂದಿನವರ ಇನ್ನೊಂದು ದಾರಿ ನನಗೆ ನೆನಪಾಗುತ್ತದೆ. ಮಡಿಲು ತುಂಬದಿದ್ದರೆ ಗಂಡನಿಗೆ ಮರುಮದುವೆ. ಕೆಲವು ಮನೆಗಳಲ್ಲಿ ಹಿರಿಯವಳೇ ಮುಂದೆ ನಿಂತು ತಂಗಿಯನ್ನು ತಂದು ಧಾರೆ ಎರೆಸುತ್ತಿದ್ದಳು. ದೊಡ್ಡ ಮನಸ್ಸಿನವಳು ಅಂತ ಊರು ಹೊಗಳುತ್ತಿತ್ತು. ಅವತ್ತು ರಾತ್ರಿ ಅವಳು ಎಲ್ಲಿ ಮಲಗಿದಳೆಂದು ಯಾರೂ ಕೇಳುತ್ತಿರಲಿಲ್ಲ.

7ನೇ ಶತಮಾನದ ಹರ್ಷನ ‘ರತ್ನಾವಳಿ’ ಮುಗಿಯುವುದೂ ಇಂಥದೇ ಧಾರೆಯಲ್ಲಿ. ಮೈಸೂರು ಸೀಮೆಗೆ ಅದು ಹೊರಗಿನ ನಾಟಕವಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯ ಅದನ್ನೇ ‘ಮಿತ್ರವಿಂದಾ ಗೋವಿಂದ’ವಾಗಿ ಮಾರ್ಪಡಿಸಿದ. ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ಅದು. ಇನ್ನೂರು ವರ್ಷದ ಮೇಲೆ ಬಸವಪ್ಪ ಶಾಸ್ತ್ರಿಗಳೂ ‘ರತ್ನಾವಳಿ’ಯನ್ನು ಕನ್ನಡಕ್ಕೆ ತಂದರು. ಸಿಂಗರಾರ್ಯ ಹರ್ಷನ ನಾಯಕ, ಅರಸ ಉದಯನನ ಜಾಗದಲ್ಲಿ ಕೃಷ್ಣನನ್ನು ಕೂರಿಸಿದ. ಜಾಣತನವೇ ಸರಿ, ಎಂಟು ಮಂದಿ ಪಟ್ಟದರಸಿಯರಿರುವ ದೇವರನ್ನು ಇನ್ನೊಬ್ಬಳೇಕೆ ಎಂದು ಕೇಳುವವರು ಯಾರು?

ಹರ್ಷನಲ್ಲಿ ಆ ಪ್ರಶ್ನೆ ಉಳಿದೇ ಇದೆ. ಹಡಗು ಒಡೆದು ಬದುಕಿ ಉಳಿದ ಸಿಂಹಳದ ರಾಜಕುಮಾರಿ ರತ್ನಾವಳಿ, ಸಾಗರಿಕೆ ಎಂಬ ಹೆಸರಿನಲ್ಲಿ ರಾಣಿ ವಾಸವದತ್ತೆಯ ಪರಿಚಾರಿಕೆಯಾಗಿದ್ದಾಳೆ. ತಾನು ಯಾರೆಂದು ಬಾಯಿ ಬಿಡುವವಳಲ್ಲ. ಅರಸನ ಮೇಲೆ ಮನಸ್ಸಾದರೆ ಹಲಗೆಯ ಮೇಲೆ ಅವನ ಚಿತ್ರ ಬರೆಯುತ್ತಾಳೆ. ಅವಳ ಗುಟ್ಟನ್ನು ಆಡಿಬಿಡುವುದು ಪಂಜರದಿಂದ ಹಾರಿದ ಒಂದು ಸಾರಿಕೆ. ಸಿಕ್ಕಿಬಿದ್ದೆನೆಂದಾಗ ಅವಳಿಗೆ ಹೊಳೆಯುವುದು ಬಳ್ಳಿಯ ಉರುಳು. ರಾಣಿಯದು ಬೇರೆ ರೀತಿ. ಚಿತ್ರ ಕಣ್ಣಿಗೆ ಬಿದ್ದಾಗ ತಲೆನೋವೆಂದು ಎದ್ದು ಹೋಗುತ್ತಾಳೆ. ಅರಸ ಕಾಲಿಗೆ ಬಿದ್ದರೆ ತಿರುಗಿ ನೋಡುವುದಿಲ್ಲ. ಆಮೇಲೆ ಮನಸ್ಸು ಕರಗಿ ತಾನೇ ವಾಪಸು ಬರುತ್ತಾಳೆ. ಬಂದರೆ ಕಾಣುವುದು ಮತ್ತೆ ಆ ಜೋಡಿ. ಈ ಸಲ ಸಾಗರಿಕೆಯನ್ನು ಕಟ್ಟಿ ಕೂಡಿಹಾಕಿಸುತ್ತಾಳೆ.

ಪ್ರೇಕ್ಷಕರಾದ ನಾವು ಸಾಗರಿಕೆಯ ಪಕ್ಷ. ಅಳುವವಳ ಜೊತೆ ನಿಲ್ಲುವುದು ಸುಲಭ. ವಯಸ್ಸು ಚಿಕ್ಕದಿದ್ದಾಗ ನಾನೂ ರಾಣಿಯನ್ನು ಗಯ್ಯಾಳಿಯೆಂದೇ ತಿಳಿದಿದ್ದೆ.

ನಾಲ್ಕನೆಯ ಅಂಕದಲ್ಲಿ ಅಂತಃಪುರಕ್ಕೆ ಬೆಂಕಿ ಬೀಳುತ್ತದೆ. ಅದು ಬರೀ ಇಂದ್ರಜಾಲವೆಂದು ರಾಣಿಗೆ ಗೊತ್ತಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಸವತಿಯಾಗಲಿದ್ದವಳು ಬೂದಿಯಾಗುತ್ತಿದ್ದಳು, ರಾಣಿಯ ಕೈಗೆ ಮಸಿಯೂ ಹತ್ತುತ್ತಿರಲಿಲ್ಲ. ಆದರೆ ಸಾಗರಿಕೆ ಒಳಗಿದ್ದಾಳೆ, ಕಟ್ಟಿಹಾಕಿಸಿದವಳು ನಾನೇ, ಉಳಿಸಿ ಎಂದು ಅವಳು ಗಂಡನಿಗೇ ಕೂಗಿ ಹೇಳುತ್ತಾಳೆ. ಒಳಗಿರುವವಳಾದರೋ ಈ ಬೆಂಕಿಯಿಂದಲಾದರೂ ನನ್ನ ದುಃಖ ತೀರೀತು ಎಂದುಕೊಂಡಿದ್ದಾಳೆ.

ಆಮೇಲೆ ರತ್ನಮಾಲೆಯ ಗುರುತು ಹತ್ತಿ, ಇವಳು ತನ್ನ ಸೋದರಮಾವನ ಮಗಳೆಂದು ರಾಣಿಗೆ ತಿಳಿಯುತ್ತದೆ. ತನ್ನ ಒಡವೆ ತೊಡಿಸಿ ಅರಸನ ಕೈಗೆ ಒಪ್ಪಿಸುತ್ತಾಳೆ. ನಾಟಕ ಮೆಚ್ಚಿಕೊಳ್ಳುವುದು ಇದನ್ನು. ನನಗೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಇವಳನ್ನು ಮದುವೆಯಾದವನು ಸಾರ್ವಭೌಮನಾಗುತ್ತಾನೆಂಬ ಸಿದ್ಧನ ಮಾತು ಕೇಳಿ ಮಂತ್ರಿ ಯೌಗಂಧರಾಯಣ ಎಂದೋ ಎಲ್ಲ ಹೊಂದಿಸಿಟ್ಟಿದ್ದ. ರಾಣಿಗೆ ಉಳಿದಿದ್ದದ್ದು ಹೂಂ ಅನ್ನುವ ಕೆಲಸ. ಬೆಂಕಿಯ ಮುಂದೆ ಮಾತ್ರ ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಆಗ ಸಾಗರಿಕೆ ತಂಗಿಯಲ್ಲ, ಬರೀ ಪರಿಚಾರಿಕೆ, ಸಾಲದ್ದಕ್ಕೆ ಗಂಡನ ಮನಸ್ಸು ಕದ್ದವಳು.

ಇನ್ನು ಮುಂದಿನದು ರಾಣಿಯ ಇಷ್ಟ ಎಂದು ಮಂತ್ರಿ ವಿನಯವಾಗಿ ಹೇಳಿದಾಗ ವಾಸವದತ್ತೆ ಮುಗುಳ್ನಗುತ್ತಾಳೆ. ರತ್ನಾವಳಿಯನ್ನು ಒಪ್ಪಿಸು ಎಂದೇ ಬಿಚ್ಚಿ ಹೇಳಬಾರದೇ ಎಂದು ಕೇಳುತ್ತಾಳೆ. ಕೈ ಹಿಡಿಸುವಾಗ ಗಂಡನಿಗೆ ಇನ್ನೊಂದು ಮಾತು ಹೇಳುತ್ತಾಳೆ: ಇವಳ ತವರು ದೂರ, ತವರಿನವರ ನೆನಪು ಬಾರದ ಹಾಗೆ ನೋಡಿಕೋ. ಹೇಳುತ್ತಿರುವವಳು ಉಜ್ಜಯಿನಿ ಬಿಟ್ಟು ಇದೇ ಗಂಡನ ಹಿಂದೆ ಬಂದವಳು.