ಮಿದುಳಿನ ದಾನವೂ ಶರಣಧರ್ಮವೂ

ಪ್ರಾಣವು ತೊಲಗಿದ ಮೇಲೆ ಉಳಿದ ಅಂಗವು ಯಾರದು? ಮನೆಯವರದೋ, ಮಣ್ಣಿನದೋ, ಲೋಕದ್ದೋ? ನಮ್ಮ ಹಿರಿಯರಿಗೆ ಈ ಪ್ರಶ್ನೆಯು ಎದುರಾಗುವ ಪ್ರಸಂಗವೇ ಇರಲಿಲ್ಲ. ಲಿಂಗೈಕ್ಯರಾದವರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ, ಕುಳಿತ ಭಂಗಿಯಲ್ಲಿಯೇ ಸಮಾಧಿಗೆ ಒಪ್ಪಿಸುತ್ತಿದ್ದರು. ಈಗ ಮನೆಯ ಮಕ್ಕಳು ದೊಡ್ಡ ವಿದ್ಯೆಗಳನ್ನು ಕಲಿಯುತ್ತಿರುವರು. ಆ ವಿದ್ಯೆಯ ಬೆನ್ನಿಗೆ ಈ ಪ್ರಶ್ನೆಯೂ ಹೊಸ್ತಿಲು ದಾಟಿ ಒಳಗೆ ಬಂದಿದೆ.

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ನೆಲೆಸಿರುವ ಸದ್ಭಕ್ತರೊಬ್ಬರು ಇದನ್ನು ನಮ್ಮ ಮುಂದಿಟ್ಟರು. ಅವರ ಮಗಳು ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರವಿಜ್ಞಾನದ ಪಿಎಚ್.ಡಿ. ಪದವಿಗಾಗಿ ಸಂಶೋಧನೆಯಲ್ಲಿ ತೊಡಗಿದ್ದಾಳೆ. ಮನೆಯಲ್ಲಿ ವೃದ್ಧ ತಾಯಿಯವರಿದ್ದಾರೆ. ಅವರಿಗೆ ಮರೆವಿನ ರೋಗ. ಮೊಮ್ಮಗಳ ಹೆಸರೂ ಅವರಿಗೆ ನೆನಪಿಲ್ಲ. "ಅಪ್ಪಾಜಿ, ಅಜ್ಜಿಯವರ ಕಾಲಾನಂತರ ಅವರ ಮಿದುಳನ್ನು ಸಂಶೋಧನೆಗೆ ಕೊಡೋಣವೇ?" ಎಂದು ಆ ಮಗಳು ಒಂದು ದಿನ ಕೇಳಿದಳಂತೆ. ತಂದೆಗೆ ಅಂದು ಊಟ ಸೇರಲಿಲ್ಲ. ಗುರುವಿನ ಹಸ್ತ ಬಿದ್ದ ಮಸ್ತಕವನ್ನು ಕೊಯ್ಯಲು ಬಿಡುವುದು ಲಿಂಗವಂತನಿಗೆ ಸಲ್ಲುವುದೇ ಎಂಬುದು ಅವರ ಸಂದೇಹ.

ಸಂದೇಹವು ಹಗುರವಾದುದಲ್ಲ. ಅದನ್ನು ವಿಚಾರಿಸುವ ಮುನ್ನ ಆ ಮಗಳು ಮಾಡುತ್ತಿರುವುದೇನೆಂಬುದನ್ನು ಅರಿಯಬೇಕು. ಪದವಿಯ ಹೆಸರು ದೊಡ್ಡದಾದರೂ ಅದರ ದಿನಚರಿ ನೇಕಾರನ ದಿನಚರಿಯಂಥದು. ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು ಐದಾರು ವರ್ಷ ಕೂರಬೇಕು. ಮಿದುಳಿನ ತುಣುಕನ್ನು ಕೂದಲೆಳೆಗಿಂತ ತೆಳುವಾಗಿ ಸೀಳಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಡಿ ಎಣಿಸಬೇಕು. ಎಣಿಸಿದುದನ್ನು ಮತ್ತೆ ಎಣಿಸಬೇಕು. ಮಾನವನ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ; ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗವಾದ ಈ ಅವಯವವು ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗವನ್ನು ತಾನೇ ವೆಚ್ಚಮಾಡುತ್ತದೆ. ಇಷ್ಟರೊಳಗೆ ಒಬ್ಬ ವಿದ್ಯಾರ್ಥಿನಿಗೆ ದಕ್ಕುವುದು ಸಾಗರದ ಒಂದು ಬೊಗಸೆ.

ಆ ಬೊಗಸೆಯಾದರೂ ಬರುವುದೆಲ್ಲಿಂದ? ಇಲಿಯ ಮಿದುಳಿನಿಂದ ಬಹಳಷ್ಟು ತಿಳಿಯಬಹುದು. ಆದರೆ ಮಾನವನ ಮರೆವಿನ ರೋಗವನ್ನು ಪೂರ್ಣವಾಗಿ ತಿಳಿಯಲು ಮಾನವನ ಮಿದುಳೇ ಬೇಕು. ಜರ್ಮನಿಯ ವೈದ್ಯ ಅಲ್ಝೈಮರನು 1906ರಲ್ಲಿ ಈ ರೋಗದ ಗುರುತುಗಳನ್ನು ಲೋಕಕ್ಕೆ ತೋರಿದುದು, ಅದೇ ವರ್ಷ ತೀರಿಕೊಂಡ ತನ್ನ ರೋಗಿಯಾದ ಒಬ್ಬ ಹೆಂಗಸಿನ ಮಿದುಳನ್ನು ಪರೀಕ್ಷಿಸಿ. ಶತಮಾನ ಕಳೆದರೂ ಅದನ್ನು ನಿರ್ಮೂಲ ಮಾಡತಕ್ಕ ಔಷಧ ದೊರೆತಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಅದೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಡಾ. ಎಸ್. ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಮಿದುಳಿನ ಭಂಡಾರವೊಂದು ಏರ್ಪಟ್ಟಿತು. ಇಂಥ ಭಂಡಾರಗಳಲ್ಲಿ ಮಿದುಳಿನ ಕೆಲಭಾಗವನ್ನು ಫಾರ್ಮಲಿನ್ನಿನಲ್ಲಿಯೂ ಕೆಲಭಾಗವನ್ನು ಅತಿಶೀತದಲ್ಲಿಯೂ ಕಾಯ್ದಿಡುವರು. ಅದಕ್ಕೆ ಹೆಸರಿರದು, ಸಂಖ್ಯೆಯಿರುವುದು. ಆದುದರಿಂದ ಅಜ್ಜಿಯ ಮಿದುಳು ಮೊಮ್ಮಗಳ ಪ್ರಬಂಧಕ್ಕೆ ಹೋಗುವುದೆಂಬ ಭಯವಾಗಲಿ ಆಸೆಯಾಗಲಿ ಬೇಡ. ಅದು ಯಾರೋ ಅರಿಯದವರ ಕೈಸೇರುವುದು.

ಈಗ ಧರ್ಮದ ಮಾತು. ದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು, ಅಲ್ಲಿರುವ ಚಿತ್ಕಳೆಯನ್ನು ತೆಗೆದು, ಕರಸ್ಥಲದ ಲಿಂಗದಲ್ಲಿ ನೆಲೆಗೊಳಿಸುವನೆಂಬುದು ಸರ್ವರಿಗೂ ತಿಳಿದುದೇ. ಭಕ್ತರು ಮಸ್ತಕದ ಪಾವಿತ್ರ್ಯಕ್ಕೆ ಆಧಾರವಾಗಿ ಹಿಡಿದಿರುವುದೂ ಈ ಸಂಸ್ಕಾರವನ್ನೇ. ನಮಗಾದರೋ ಅದು ಬೇರೊಂದನ್ನು ಹೇಳುವಂತೆ ತೋರುತ್ತದೆ. ಮಸ್ತಕದಲ್ಲಿದ್ದುದು ಅಂಗೈಗೆ ಬಂದಿದೆ. ಲಿಂಗೈಕ್ಯನಾದವನ ಕೈಯಲ್ಲಿ ಲಿಂಗವಿದ್ದು ಸಮಾಧಿಯಾಗುವಾಗ, ಗುರುವು ಕೊಟ್ಟುದು ಅವನೊಡನೆಯೇ ಇದೆ. ಕಪಾಲದೊಳಗೆ ಉಳಿದುದು ಅರಿವು ಬಳಸಿ ಬಿಟ್ಟ ಕರಣ. ಮಿದುಳಿನ ಶಾಸ್ತ್ರವು ಅರಿವನ್ನೇ ಇಲ್ಲವೆನ್ನುವುದಲ್ಲವೇ ಎಂದು ಕೆಲವರು ಅಂಜುತ್ತಾರೆ. ವೀಣೆಯ ತಂತಿಯನ್ನು ಪರೀಕ್ಷಿಸುವವನು ರಾಗವನ್ನು ಅಲ್ಲಗಳೆದಂತಾಗದು. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಆಚಾರಕ್ಕೂ ಲೋಪವಿಲ್ಲ. ಮಿದುಳನ್ನು ತೆಗೆದ ಬಳಿಕ ದೇಹವನ್ನು ಮನೆಯವರಿಗೆ ಒಪ್ಪಿಸುತ್ತಾರೆ, ಮುಖ ಕೆಡುವುದಿಲ್ಲ, ಸಮಾಧಿಕ್ರಿಯೆಯನ್ನು ಯಥಾವಿಧಿಯಾಗಿ ನಡೆಸಬಹುದು. ಇಡೀ ದೇಹವನ್ನೇ ಕೊಡುವುದು ಇದಕ್ಕಿಂತ ಕಠಿಣ. ನಮ್ಮ ನಾಡಿನಲ್ಲಿ ಅದನ್ನೂ ಮಾಡಿದವರುಂಟು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನ ಅಧ್ಯಾಪಕರೊಬ್ಬರು, ತಂದೆಯವರ ಇಚ್ಛೆಯಂತೆ, ಆ ತಂದೆಯವರ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ವಿಚ್ಛೇದಿಸಿ ಪಾಠ ಹೇಳಿದರು. ಆ ಮಗನ ಕೈ ನಡುಗಲಿಲ್ಲವೆಂದು ಯಾರು ಹೇಳಬಲ್ಲರು!

ಆದರೆ ಬೆಳಗಾವಿಯ ಆ ತಂದೆಯವರು ತಾವೇ ಇಚ್ಛಿಸಿದ್ದರು. ಕತ್ರಿಗುಪ್ಪೆಯ ತಾಯಿಯವರು ಇಚ್ಛಿಸಿಲ್ಲ. ಈಗ ಕೇಳಿದರೆ ಪ್ರಶ್ನೆಯೇ ಅವರಿಗೆ ತಿಳಿಯದು. ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ.

ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬಾತನಿದ್ದನು. ಮೂರ್ಛೆರೋಗದ ನಿವಾರಣೆಗಾಗಿ 1953ರಲ್ಲಿ ಅವನ ಮಿದುಳಿನ ಇಕ್ಕೆಲದ ಒಳಭಾಗಗಳನ್ನು ತೆಗೆದುಹಾಕಿದರು. ಅಂದಿನಿಂದ ಹೊಸದಾವುದೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಅಂಚಿನಗುಂಟ ಗೆರೆ ಎಳೆಯಲು ಕಲಿಸಿದಳು. ಮೂರು ದಿನಗಳಲ್ಲಿ ಅವನ ಕೈ ಪಳಗಿತು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇನೆಂಬ ಸ್ಮರಣೆ ಅವನಿಗೆ ಒಮ್ಮೆಯೂ ಬರಲಿಲ್ಲ. ನೆನಪು ಒಂದೇ ಬಗೆಯದಲ್ಲವೆಂದು ಲೋಕವು ಕಲಿತುದು ಈತನಿಂದ. ಕತ್ರಿಗುಪ್ಪೆಯ ತಾಯಿಯವರಿಗೂ ಮೊಮ್ಮಗಳ ಹೆಸರು ಬಾರದು; ಆದರೆ ಪೂಜೆಯ ವೇಳೆಗೆ ಎಡಗೈ ತಾನಾಗಿ ಚಾಚುವುದಂತೆ, ಬಲಗೈ ವಿಭೂತಿಯನ್ನು ಅರಸುವುದಂತೆ. ಅರುವತ್ತು ವರ್ಷಗಳ ನಿತ್ಯನೇಮವು ಹೆಸರುಗಳಿಗಿಂತ ಆಳದಲ್ಲಿ ಬೇರೂರಿದೆ. ಆ ಹೆನ್ರಿಯು 2008ರಲ್ಲಿ ತೀರಿಕೊಂಡನು. ಮರುವರ್ಷ ಅವನ ಮಿದುಳನ್ನು 2,401 ಪದರಗಳಾಗಿ ಸೀಳಿದರು. ದಾನಕ್ಕೆ 1992ರಲ್ಲಿ ಒಪ್ಪಿಗೆಯಿತ್ತವರು, ನ್ಯಾಯಾಲಯವು ಅವನಿಗೆ ನೇಮಿಸಿದ್ದ ಪಾಲಕರು. ಮರೆತವನ ಪರವಾಗಿ ಬೇರೊಬ್ಬರು ಕೊಟ್ಟ ಆ ಒಪ್ಪಿಗೆಯು ಎಷ್ಟರಮಟ್ಟಿಗೆ ನ್ಯಾಯವೆಂದು ಆಮೇಲೆ ಪ್ರಶ್ನಿಸಿದವರುಂಟು. ಪ್ರಶ್ನಿಸಿದುದು ಸರಿ ಎಂದೇ ನಮ್ಮ ಎಣಿಕೆ.

ದಾಸೋಹವೆಂಬುದು ತನ್ನದನ್ನು ಕೊಡುವುದು. ಪರರದನ್ನು ಕೊಟ್ಟು ದಾಸೋಹವೆಂದರೆ ಶರಣರು ಒಪ್ಪರು. ತಾಯಿಯ ತಲೆಯು ಮಗನ ಆಸ್ತಿಯಲ್ಲ. ಕಾನೂನು ಮಕ್ಕಳ ಸಮ್ಮತಿಯನ್ನು ಸಾಕೆನ್ನಬಹುದು. ಧರ್ಮವು ಇನ್ನೊಂದನ್ನು ಕೇಳುತ್ತದೆ: ಅರಿವಿದ್ದ ಕಾಲದಲ್ಲಿ ಆ ತಾಯಿ ಹೇಗೆ ಬದುಕಿದರು? ನೆರೆಮನೆಯ ಬಾಣಂತಿಗೆ ತಮ್ಮ ಪಾಲಿನ ತುಪ್ಪವನ್ನು ಕೊಟ್ಟವರೇ? ತಮ್ಮ ಕಣ್ಣುಗಳನ್ನಾದರೂ ಕೊಡಬೇಕೆಂದು ಎಂದಾದರೂ ನುಡಿದಿದ್ದರೇ? ಅಥವಾ ದೇಹವನ್ನು ಮುಟ್ಟಬಾರದೆಂದು ಹೇಳಿದ್ದರೇ? ಎರಡನೆಯದಾದರೆ ಅಲ್ಲಿಗೆ ಮಾತು ಮುಗಿಯಿತು. ವಿಜ್ಞಾನಕ್ಕೆ ಎಷ್ಟು ಲಾಭವಿದ್ದರೂ ಕೊಡಲಾಗದು.

ಇನ್ನೊಂದು ಸಂಗತಿಯನ್ನು ಈ ಭಕ್ತರು ಗಮನಿಸಿದಂತಿಲ್ಲ. ಸಂಶೋಧನೆಗೆ ರೋಗದ ಮಿದುಳಿನಷ್ಟೇ ರೋಗವಿಲ್ಲದ ಮಿದುಳೂ ಬೇಕು. ಹೋಲಿಸಿ ನೋಡದೆ ಕೆಟ್ಟುದಾವುದು, ವಯಸ್ಸಿನಿಂದ ಸವೆದುದಾವುದು ಎಂದು ತಿಳಿಯದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಆರೋಗ್ಯವಂತರು ಇಂಥದೇ ಕಾರಣಕ್ಕಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರಿಗೆ ವರುಷಾನುವರುಷ ತಮ್ಮ ನೆನಪಿನ ಶಕ್ತಿಯನ್ನು ಪರೀಕ್ಷಿಸಲು ಅವಕಾಶ ಕೊಟ್ಟಿದ್ದಾರೆ. ಅಂದಮೇಲೆ ಸ್ವಸ್ಥರಾದ ಈ ತಂದೆಯವರು ತಮ್ಮದನ್ನು ಕೊಡಲು ಸ್ವತಂತ್ರರು. ಅದಕ್ಕೆ ಯಾರ ಮನಸ್ಸನ್ನೂ ಊಹಿಸಬೇಕಾಗಿಲ್ಲ. ಮಗಳ ಪ್ರಶ್ನೆಗೆ ಮೊದಲು ತಮ್ಮ ಪರವಾಗಿ ಉತ್ತರಿಸಲಿ. ಆಗ ತಾಯಿಯ ವಿಷಯವನ್ನು ನೋಡುವ ಕಣ್ಣೇ ಬೇರೆಯಾಗಬಹುದು.

ಹಾಗೆ ಸಹಿ ಮಾಡುವವರು ಅದನ್ನು ಮನೆಯವರೆಲ್ಲರಿಗೂ ತಿಳಿಸಿರತಕ್ಕದ್ದು. ಮರಣವಾದ ಕೆಲವೇ ಗಂಟೆಗಳೊಳಗೆ ಮಿದುಳನ್ನು ತೆಗೆಯಬೇಕಾಗುತ್ತದೆ. ಅಳುತ್ತಿರುವ ಮನೆಯಲ್ಲಿ ಯಾರೊಬ್ಬರು ಬೇಡವೆಂದರೂ ಕಾಗದವು ಕಾಗದವಾಗಿಯೇ ಉಳಿಯುವುದು. ತಾಯಿಯವರ ವಿಷಯದಲ್ಲಿ ಈ ಭಕ್ತರು ತಮ್ಮ ಸೋದರ ಸೋದರಿಯರನ್ನೂ ಒಮ್ಮೆ ಕೂಡಿಸಿ, ಅವರವರ ನೆನಪಿನಲ್ಲಿರುವ ತಾಯಿಯ ಮಾತುಗಳನ್ನು ಕೇಳಿಕೊಳ್ಳಲಿ. ಆ ದಿನ ಮೊಮ್ಮಗಳೂ ಅಲ್ಲಿರಲಿ, ಸಂಶೋಧಕಳಾಗಿ ಅಲ್ಲ.